ಓವರ್ ಲೆಕ್ಕ ಇಡುವವರು ಯಾರು?

ಬೇಸಿಗೆ ರಜೆ ಶುರುವಾದರೆ ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಸೊಂಟ ಹಿಡಿದುಕೊಂಡು ಬರುವ ಹುಡುಗರು ಜಾಸ್ತಿ. ಬಹಳಷ್ಟು ಮಂದಿ ಫಾಸ್ಟ್ ಬೌಲರ್‌ಗಳು. ಜೊತೆಗೆ ಅಪ್ಪ, ಅಮ್ಮ, ಒಂದು ದಪ್ಪ ಫೈಲು. ಎಕ್ಸ್‌ರೇ, ವಿಟಮಿನ್ ಡಿ ರಿಪೋರ್ಟು, ಎಂಆರ್‌ಐ, ಎಲ್ಲ ಇರುತ್ತದೆ. ನನ್ನ ಮೊದಲ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರ ಇರುವುದಿಲ್ಲ. ಹೋದ ವಾರ ಇವನು ಒಟ್ಟು ಎಷ್ಟು ಓವರ್ ಹಾಕಿದ?

‘ಅಕಾಡೆಮಿಯಲ್ಲಿ ದಿನಕ್ಕೆ ಆರೇ ಓವರ್ ಮೇಡಂ, ಕೋಚ್ ತುಂಬಾ ಸ್ಟ್ರಿಕ್ಟು.’ ಸರಿ. ಸ್ಕೂಲ್ ಟೀಮಿನಲ್ಲಿ? ಭಾನುವಾರದ ಮ್ಯಾಚಿನಲ್ಲಿ? ಆಗ ಅಪ್ಪ ಅಮ್ಮನ ಮುಖ ನೋಡುತ್ತಾರೆ, ಅಮ್ಮ ಮಗನ ಮುಖ. ಒಮ್ಮೆ ಜೊತೆಗೆ ಬಂದಿದ್ದ ಅಜ್ಜಿ ಬಾಯಿಬಿಟ್ಟರು: ‘ರಾತ್ರಿ ಊಟ ಆದ್ಮೇಲೆ ಟೆರೇಸಲ್ಲಿ ಲೈಟ್ ಹಾಕ್ಕೊಂಡು ಅಪ್ಪನೇ ಹಾಕಿಸ್ತಾನಲ್ಲಮ್ಮ, ಅದನ್ನೂ ಹೇಳೋ.’ ಅಪ್ಪ ಸುಮ್ನೆ ಫೈಲು ತಿರುವಿದರು. ಪಾಪ, ಕೆಟ್ಟ ಮನುಷ್ಯನಲ್ಲ. ಮಗನ ಜೊತೆ ಕಳೆಯಲು ಅವರಿಗೆ ಸಿಗುತ್ತಿದ್ದದ್ದು ಅದೊಂದೇ ಹೊತ್ತು.

ನಾನು ಹೇಳಿ ಹೇಳಿ ಸಾಕಾಗಿರುವ ಮಾತು ಇದೇ. ಅಕಾಡೆಮಿ ಕೋಚ್ ತನ್ನ ಓವರ್ ಎಣಿಸುತ್ತಾರೆ. ಸ್ಕೂಲಿನ ಪಿಟಿ ಮೇಷ್ಟ್ರು ತಮ್ಮದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಬೆನ್ನು ಮಾತ್ರ ಒಂದೇ. ಅದಕ್ಕೆ ಯಾವುದು ಮ್ಯಾಚು, ಯಾವುದು ನೆಟ್ಸು, ಯಾವುದು ಟೆರೇಸು ಅಂತ ಗೊತ್ತಾಗುವುದಿಲ್ಲ. ಒಟ್ಟು ಲೆಕ್ಕ ಸಿಗುವುದು ಮನೆಯವರಿಗೆ ಮಾತ್ರ.

ಫಾಸ್ಟ್ ಬೌಲರ್ ಮುಂದಿನ ಕಾಲು ಊರುವ ಹೊತ್ತಿಗೆ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಆ ಹೊಡೆತ ಬೀಳುವುದು ಬೆನ್ನುಮೂಳೆಯ ಕೆಳತುದಿಯ, ಸೊಂಟದ ಹತ್ತಿರದ ಮೂಳೆಗಳ ಒಂದು ಸಣ್ಣ ಭಾಗಕ್ಕೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಗಡೆ. ದಿಢೀರನೆ ಎತ್ತರ ಬೆಳೆಯುವ ವಯಸ್ಸಿನಲ್ಲಿ ಮೂಳೆ ಮೊದಲು ಉದ್ದವಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಆ ನಡುವೆ ಬಿಡುವಿಲ್ಲದೆ ಬೌಲ್ ಮಾಡಿದರೆ ಕೂದಲೆಳೆಯಂಥ ಬಿರುಕು ಬರಬಹುದು. ಇದೇ ಸ್ಟ್ರೆಸ್ ಫ್ರ್ಯಾಕ್ಚರ್. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.

ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಬಹಳ ವರ್ಷ ಪಾಲಿಸಿದ ಮಿತಿ ಹೀಗಿತ್ತು: 13ರೊಳಗಿನವರಿಗೆ ಒಂದು ಸ್ಪೆಲ್‌ಗೆ, ಅಂದರೆ ನಡುವೆ ವಿಶ್ರಾಂತಿ ಇಲ್ಲದೆ ಒಂದು ಸಲಕ್ಕೆ, 5 ಓವರ್, ದಿನಕ್ಕೆ 10. 14-15ರವರಿಗೆ 6 ಮತ್ತು 12. 16-17ಕ್ಕೆ 7 ಮತ್ತು 18. ಇದು ಗರಿಷ್ಠ, ಗುರಿಯಲ್ಲ. ಇದನ್ನು ತೋರಿಸಿದಾಗ ಒಬ್ಬ ತಂದೆ ‘ಹಾಗಾದ್ರೆ ಇನ್ನೂ ಎರಡು ಓವರ್ ಹಾಕಿಸಬಹುದು’ ಅಂದರು!

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಅಡುಗೆಮನೆಯಲ್ಲಿ ಇದೆ ಅಲ್ವಾ? ಅದರಲ್ಲೇ ಓವರ್ ಬರೆಯಿರಿ. ಮಗನೇ ಬರೆದರೆ ಇನ್ನೂ ಒಳ್ಳೆಯದು, ಟೆರೇಸಿನದನ್ನೂ ಸೇರಿಸಿ. ವಾರದಲ್ಲಿ ಒಂದೆರಡು ದಿನ ಸೊನ್ನೆ ಇರಲಿ. ಹೋದ ವಾರಕ್ಕಿಂತ ಈ ವಾರ ದಿಢೀರನೆ ಏರಿದ್ದರೆ ಕೋಚ್‌ಗೆ ತೋರಿಸಿ. ಸಮ್ಮರ್ ಕ್ಯಾಂಪಿನಲ್ಲಿ ಆಗುವುದು ಬಹುಪಾಲು ಇದೇ. ಪರೀಕ್ಷೆಗೆ ಅಂತ ಎರಡು ತಿಂಗಳು ಬ್ಯಾಗು ಮುಚ್ಚಿಟ್ಟವನು ಒಂದೇ ವಾರದಲ್ಲಿ ಬೆಳಗ್ಗೆ ಸಂಜೆ ಬೌಲ್ ಮಾಡಲು ಶುರು ಮಾಡುತ್ತಾನೆ.

ಪ್ರತಿ ಬೆನ್ನುನೋವೂ ಫ್ರ್ಯಾಕ್ಚರ್ ಅಲ್ಲ, ಪರೀಕ್ಷೆ ಮಾಡದೆ ನಾನೂ ಹೇಳಲಾರೆ. ಆದರೆ ಬೆಳೆಯುವ ವಯಸ್ಸಿನ ಬೌಲರ್‌ಗೆ ಒಂದೇ ಕಡೆ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ, ಎರಡು ವಾರವಾದರೂ ಹೋಗಿಲ್ಲ ಅಂದರೆ ಬೌಲಿಂಗ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಜ್ವರ, ರಾತ್ರಿ ಎಬ್ಬಿಸುವ ನೋವು, ಕಾಲಿನಲ್ಲಿ ಶಕ್ತಿ ಇಲ್ಲದಂತೆ ಅನಿಸುವುದು ಇದ್ದರೆ ಆ ಎರಡು ವಾರವೂ ಕಾಯಬೇಡಿ.

‘ಬುಮ್ರಾಗೂ ಆಗಿತ್ತಲ್ಲ, ವಾಪಸ್ ಬಂದ್ರಲ್ಲ’ ಅನ್ನುವವರಿದ್ದಾರೆ. ಹೌದು, ಬಂದರು. ಬೆನ್ನಿನಿಂದಾಗಿ 2022ರ ಟಿ20 ವಿಶ್ವಕಪ್ ತಪ್ಪಿ, 2023ರಲ್ಲಿ ಆಪರೇಷನ್ ಆದಮೇಲೆ. ಅವರದು ಬೆಳೆದು ಮುಗಿದ ಮೂಳೆ, ಸುತ್ತ ನೋಡಿಕೊಳ್ಳಲು ಒಂದು ತಂಡವೇ ಇತ್ತು.

ಬಿರುಕು ಖಚಿತವಾದರೆ ಸಾಮಾನ್ಯವಾಗಿ ಮೂರು ತಿಂಗಳೋ ಇನ್ನೂ ಹೆಚ್ಚೋ ಬೌಲಿಂಗ್ ಇಲ್ಲ. ನೋವು ಅದಕ್ಕಿಂತ ಬಹಳ ಮೊದಲೇ ಹೋಗುತ್ತದೆ. ಆಗ ಫೋನ್ ಬರುತ್ತದೆ: ‘ಮುಂದಿನ ವಾರ ಸೆಲೆಕ್ಷನ್ ಟ್ರಯಲ್ಸ್ ಇದೆ ಮೇಡಂ, ನೋವಿನ ಮಾತ್ರೆ ಕೊಟ್ಟು ಒಂದೇ ಒಂದು ದಿನ ಆಡಿಸಬಹುದಾ?’ ಬೇಡ. ಮಾತ್ರೆ ನೋವನ್ನು ಮುಚ್ಚುತ್ತದೆ, ಬಿರುಕನ್ನಲ್ಲ. ಟ್ರಯಲ್ಸ್‌ಗೆ ಬ್ಯಾಟ್ ಹಿಡಿದು ಹೋಗಲಿ ಅಂತಲೂ ಕೇಳುತ್ತಾರೆ. ಅದಕ್ಕೆ ಉತ್ತರ ಹುಡುಗನ ಬೆನ್ನು ನೋಡಿಯೇ ಹೇಳಬೇಕು, ಫೋನಿನಲ್ಲಿ ಅಲ್ಲ.