ತೋಪು ಚಿಕ್ಕದಾದರೂ ಜರ್ಮನ್ ಹಡಗುಗಳು ಉಳಿದದ್ದು ಹೇಗೆ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಜರ್ಮನ್ ಯುದ್ಧನೌಕೆಗಳ ತೋಪುಗಳು ಬ್ರಿಟಿಷರ ತೋಪುಗಳಿಗಿಂತ ಚಿಕ್ಕವಾಗಿದ್ದವು ಎಂದು ಓದಿದ್ದೇನೆ. ಹಾಗಿದ್ದರೆ 1916ರ ಜಟ್ಲೆಂಡ್ ಕದನದಲ್ಲಿ ನೋಡನೋಡುತ್ತಲೇ ಸಿಡಿದುಹೋದದ್ದು ಬ್ರಿಟಿಷರ ದೊಡ್ಡ ಹಡಗುಗಳೇ ಏಕೆ? ಜರ್ಮನ್ ತೋಪಿನಲ್ಲಿ ಅಂಥದ್ದೇನಿತ್ತು?

ಉತ್ತರ: ತೋಪು ಎಂದ ಕೂಡಲೇ ನಾವೆಲ್ಲ ಅದರ ಬಾಯಿ ಎಷ್ಟು ಅಗಲ ಎಂದು ನೋಡುತ್ತೇವೆ. ಈ ಪ್ರಶ್ನೆಯ ಉತ್ತರದ ಬಹುಪಾಲು ಇರುವುದು ತೋಪಿನ ಬುಡದಲ್ಲಿ, ಮದ್ದು ತುಂಬುವ ಕಡೆ.

ಮೊದಲು ನಡೆದದ್ದೇನು ನೋಡೋಣ. 1916ರ ಮೇ 31ರ ಮಧ್ಯಾಹ್ನದಿಂದ ಸಂಜೆಯೊಳಗೆ, ಉತ್ತರ ಸಮುದ್ರದಲ್ಲಿ, ಬ್ರಿಟನ್ನಿನ ಮೂರು ಬ್ಯಾಟಲ್‌ಕ್ರೂಸರ್‌ಗಳು (ದೊಡ್ಡ ತೋಪುಗಳ, ವೇಗದ ಯುದ್ಧನೌಕೆಗಳು) ಸಿಡಿದು ಮುಳುಗಿದವು: ಇನ್‌ಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್‌ವಿನ್ಸಿಬಲ್. ಸತ್ತವರು 3,300ಕ್ಕೂ ಹೆಚ್ಚು. ಮೂರು ಹಡಗುಗಳೂ ಸೇರಿ ಬದುಕಿ ಬಂದವರು ಮೂವತ್ತರ ಆಸುಪಾಸು. ಇಡೀ ಕದನದಲ್ಲಿ ಬ್ರಿಟಿಷರು ಕಳೆದುಕೊಂಡ 6,094 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ಮೂರೇ ಹಡಗುಗಳವರು. ಇನ್‌ಡಿಫ್ಯಾಟಿಗಬಲ್‌ನ ತೋಪುಗಳ ಒಳವ್ಯಾಸ 30.5 ಸೆಂ.ಮೀ.; ಅದನ್ನು ಹೊಡೆದುರುಳಿಸಿದ ಜರ್ಮನ್ ಹಡಗು ಫಾನ್ ಡೆರ್ ಟಾನ್‌ನದು 28. ಕ್ವೀನ್ ಮೇರಿಯದಂತೂ 34.3 ಸೆಂ.ಮೀ. ತೋಪುಗಳು, ಅದರ ಮೇಲೆ ಗುಂಡು ಸುರಿಸಿದ ಡರ್ಫ್ಲಿಂಗರ್‌ನದು 30.5, ಸೈಡ್ಲಿಟ್ಸ್‌ನದು 28. ನಿಮ್ಮ ಪ್ರಶ್ನೆ ಹುಟ್ಟುವುದೇ ಈ ಲೆಕ್ಕದಿಂದ.

ಈಗ ಡರ್ಫ್ಲಿಂಗರ್‌ನ ಒಂದು ತೋಪಿಗೆ ಮದ್ದುಗುಂಡು ತುಂಬುವುದನ್ನು ಹತ್ತಿರದಿಂದ ನೋಡಿ. ಜರ್ಮನ್ನರು ಅದನ್ನು 30.5 ಸೆಂ.ಮೀ. ಎಸ್‌ಕೆ ಎಲ್/50 ಎಂದು ಕರೆಯುತ್ತಿದ್ದರು. ಎಸ್‌ಕೆ ಎಂದರೆ ಬೇಗ ತುಂಬುವ ತೋಪು. ಎಲ್/50 ಎಂದರೆ ಒಳವ್ಯಾಸದ 50 ಪಟ್ಟು ಉದ್ದ, ಅಂದರೆ ಹದಿನೈದು ಮೀಟರ್ ದಾಟಿತು. (ಜರ್ಮನ್ನರು ಬುಡದ ಬಾಗಿಲನ್ನೂ ಸೇರಿಸಿ ಅಳೆಯುತ್ತಿದ್ದರು, ಬ್ರಿಟಿಷರು ನಳಿಗೆಯ ಒಳಗನ್ನು ಮಾತ್ರ. ಎರಡೂ ಕಡೆಯ ಅಂಕಿಗಳನ್ನು ನೇರವಾಗಿ ಹೋಲಿಸಿ ಮೋಸಹೋಗುವವರು ಬಹಳ.) ಮೊದಲು 405 ಕೆ.ಜಿ. ತೂಕದ ಗುಂಡು ನಳಿಗೆಯೊಳಕ್ಕೆ ಹೋಗುತ್ತದೆ. ಅದರ ಬೆನ್ನಿಗೆ 34.5 ಕೆ.ಜಿ. ಮದ್ದು ತುಂಬಿದ ರೇಷ್ಮೆ ಚೀಲ. ಕೊನೆಗೆ 91 ಕೆ.ಜಿ. ಮದ್ದು ತುಂಬಿದ, ದೊಡ್ಡ ಹಂಡೆಯಂಥ ಹಿತ್ತಾಳೆಯ ತೋಟೆ. ಆಮೇಲೆ ಉಕ್ಕಿನ ದಪ್ಪ ಬೆಣೆಯೊಂದು ಪಕ್ಕದಿಂದ ಅಡ್ಡಲಾಗಿ ಸರಿದು ತೋಪಿನ ಬುಡವನ್ನು ಮುಚ್ಚುತ್ತದೆ.

ಎಸೆನ್ ಊರಿನ ಕ್ರುಪ್ ಕಾರ್ಖಾನೆ ಹತ್ತೊಂಬತ್ತನೆಯ ಶತಮಾನದಿಂದಲೂ ನೆಚ್ಚಿಕೊಂಡು ಬಂದ ವಿಧಾನ ಈ ಬೆಣೆಯದು. ಇದಕ್ಕೊಂದು ಕೊರತೆಯಿದೆ. ಪಕ್ಕಕ್ಕೆ ಸರಿಯುವ ಬೆಣೆ ಎಷ್ಟೇ ನುಣುಪಾಗಿದ್ದರೂ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಮದ್ದು ಹೊತ್ತಿದಾಗ ಹುಟ್ಟುವ ಅನಿಲಕ್ಕೆ ಹಿಂದಕ್ಕೆ ನುಗ್ಗಲು ಅಷ್ಟೇ ಸಾಕು. ಆ ಸಂದನ್ನು ಮುಚ್ಚುವ ಕೆಲಸ ಹಿತ್ತಾಳೆ ತೋಟೆಯದು. ಒತ್ತಡಕ್ಕೆ ಅದರ ಗೋಡೆ ಉಬ್ಬಿ ನಳಿಗೆಗೆ ಅಂಟಿಕೊಳ್ಳುತ್ತದೆ. ಗುಂಡು ಹೊರಟ ಮೇಲೆ ತುಸು ಕುಗ್ಗಿ ಸಡಿಲವಾಗಿ ಹೊರಬರುತ್ತದೆ. ಮಲೆನಾಡಿನಲ್ಲಿ ತೋಟಾ ಕೋವಿ ಹಿಡಿದವರಿಗೆ ಇದು ಗೊತ್ತಿರುವ ಸಂಗತಿಯೇ. ಅದನ್ನೇ ಕ್ರುಪ್‌ನವರು ಮನುಷ್ಯನೊಬ್ಬ ಎತ್ತಲಾಗದ ಗಾತ್ರಕ್ಕೆ ಬೆಳೆಸಿದರು.

ಬ್ರಿಟಿಷರು ದೊಡ್ಡ ತೋಪುಗಳ ಬುಡಕ್ಕೆ ತಿರುಪಿನ ಮುಚ್ಚಳ ಹಾಕುತ್ತಿದ್ದರು. ಅನಿಲ ತಡೆಯಲು ಆ ಮುಚ್ಚಳದಲ್ಲೇ ಮೆತ್ತನೆಯ ಬಿಲ್ಲೆಯೊಂದಿತ್ತು. ಹಾಗಾಗಿ ಅವರಿಗೆ ಲೋಹದ ತೋಟೆಯ ಅಗತ್ಯವೇ ಬೀಳಲಿಲ್ಲ. ಅವರ ಕಾರ್ಡೈಟ್ ಮದ್ದು ಪೂರಾ ರೇಷ್ಮೆ ಚೀಲಗಳಲ್ಲಿ ಬರುತ್ತಿತ್ತು. ಬೇಗ ಹೊತ್ತಿಕೊಳ್ಳಲೆಂದು ಚೀಲದ ತುದಿಗೆ ಕರಿಮದ್ದಿನ ಪದರವೂ ಇತ್ತು. ಇದು ಅಗ್ಗ, ಹಗುರ, ಕೈಗೆ ಸಲೀಸು. ಜರ್ಮನ್ನರ ದಾರಿ ದುಬಾರಿ: ಒಂದೊಂದು ಹೊಡೆತಕ್ಕೂ ಒಂದು ಹಂಡೆ ಹಿತ್ತಾಳೆ. ಯುದ್ಧ ಎಳೆದಂತೆ ಲೋಹದ ಬರ ಬಂದು, ಚರ್ಚುಗಳ ಗಂಟೆಗಳನ್ನೇ ಇಳಿಸಿ ಕರಗಿಸಿದ ದೇಶ ಅದು.

ಆದರೆ ಮದ್ದಿನ ಮನೆಯಿಂದ ತೋಪಿನವರೆಗಿನ ದಾರಿಯನ್ನು ನೆನೆಸಿಕೊಳ್ಳಿ. ಹಡಗಿನ ತಳದಲ್ಲಿ ಮದ್ದಿನ ಮನೆ, ಮೇಲೆ ತಿರುಗುವ ಗೋಪುರದಲ್ಲಿ ತೋಪು, ನಡುವೆ ಬಾವಿಯಂಥ ಕೊಳವೆಯಲ್ಲಿ ಮದ್ದನ್ನು ಮೇಲಕ್ಕೊಯ್ಯುವ ಲಿಫ್ಟು. ಗೋಪುರದೊಳಗೆ ಶತ್ರುವಿನ ಗುಂಡು ಸಿಡಿದರೆ ಬೆಂಕಿ ಆ ಬಾವಿಯೊಳಗೆ ಇಳಿಯುತ್ತದೆ. ದಾರಿಯಲ್ಲಿ ಬರಿಯ ರೇಷ್ಮೆ ಚೀಲಗಳಿದ್ದರೆ ಒಂದರಿಂದ ಒಂದಕ್ಕೆ ಹತ್ತಿ ಕ್ಷಣಮಾತ್ರದಲ್ಲಿ ತಳ ಮುಟ್ಟುತ್ತದೆ. ಹಿತ್ತಾಳೆಯೊಳಗಿನ ಮದ್ದು ಅಷ್ಟು ಸುಲಭಕ್ಕೆ ಹೊತ್ತುವುದಿಲ್ಲ. ಮದ್ದಿನ ಗುಣದಲ್ಲೂ ಅಂತರವಿತ್ತು. ಜರ್ಮನ್ನರ ಕೊಳವೆ ಆಕಾರದ ಮದ್ದಿನಲ್ಲಿ ಅದನ್ನು ಹದದಲ್ಲಿಡುವ ರಾಸಾಯನಿಕ ಬೆರೆಸಿದ್ದರು. ಬೆಂಕಿ ಬಿದ್ದರೆ ಅದು ಭಯಂಕರವಾಗಿ ಉರಿಯುತ್ತಿತ್ತು, ಆದರೆ ಹಡಗನ್ನೇ ಸೀಳುವ ಸ್ಫೋಟಕ್ಕೆ ತಿರುಗುವುದು ಅಪರೂಪ. ಬ್ರಿಟಿಷ್ ಕಾರ್ಡೈಟಿನ ವಿಷಯದಲ್ಲಿ ಶತ್ರುವಿನ ಗುಂಡೇ ಬೇಕೆಂದೇನೂ ಇರಲಿಲ್ಲ: 1914ರಲ್ಲಿ ಬುಲ್ವರ್ಕ್, 1915ರಲ್ಲಿ ನೇಟಾಲ್, 1917ರಲ್ಲಿ ವ್ಯಾನ್‌ಗಾರ್ಡ್ ಎಂಬ ಬ್ರಿಟಿಷ್ ಹಡಗುಗಳು ತಮ್ಮದೇ ನೆಲೆಗಳಲ್ಲಿ ಲಂಗರು ಹಾಕಿ ನಿಂತಿದ್ದಾಗ ಸಿಡಿದುಹೋದವು.

‘ಭಯಂಕರವಾಗಿ ಉರಿಯುತ್ತಿತ್ತು’ ಎಂದೆ. ಅದರ ಬೆಲೆ ತೆತ್ತದ್ದು ಸೈಡ್ಲಿಟ್ಸ್. 1915ರ ಜನವರಿ 24ರಂದು ಡಾಗರ್ ಬ್ಯಾಂಕ್ ಕದನದಲ್ಲಿ ಬ್ರಿಟಿಷ್ ಗುಂಡೊಂದು ಅದರ ಹಿಂಬದಿಯ ಗೋಪುರದ ಬುಡಕ್ಕೆ ಬಡಿಯಿತು. ಒಳಗೆ ಮದ್ದು ಹೊತ್ತಿತು. ಕೆಳಗಿದ್ದ ನಾವಿಕರು ಪಕ್ಕದ ಗೋಪುರದ ಕಡೆಗೆ ತಪ್ಪಿಸಿಕೊಳ್ಳಲು ನಡುವಿನ ಬಾಗಿಲು ತೆರೆದರು. ಬೆಂಕಿಯೂ ಅವರ ಹಿಂದೆಯೇ ನುಗ್ಗಿತು. ಎರಡು ಗೋಪುರಗಳ ಸುಮಾರು 160 ಮಂದಿ ಸುಟ್ಟುಹೋದರು. ಮದ್ದಿನ ಮನೆಗೆ ನೀರು ನುಗ್ಗಿಸುವ ಚಕ್ರಗಳು ಕಾದು ಕೆಂಪಾಗಿದ್ದವು. ಪಂಪುಗಳ ಹೊಣೆ ಹೊತ್ತಿದ್ದ ವಿಲ್‌ಹೆಲ್ಮ್ ಹೈಡ್‌ಕಾಂಪ್ ಅವನ್ನು ಬರಿಗೈಯಲ್ಲಿ ಹಿಡಿದು ತಿರುಗಿಸಿದ. ಹಡಗು ಉಳಿಯಿತು.

ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಇದೇ ಘಟನೆ. ಜರ್ಮನ್ನರು ಒಂದೇ ಏಟಿಗೆ ಪಾಠ ಕಲಿತು ಗೋಪುರದಲ್ಲಿ ಎಷ್ಟು ಮದ್ದು ಹೊರಗಿರಬಹುದು ಎನ್ನುವುದಕ್ಕೆ ಮಿತಿ ಹಾಕಿದರು. ಬ್ರಿಟಿಷ್ ಬ್ಯಾಟಲ್‌ಕ್ರೂಸರ್‌ಗಳು ಅದೇ ಕದನದಿಂದ ಕಲಿತದ್ದು ಬೇರೆ: ಇನ್ನೂ ಬೇಗ ಬೇಗ ಗುಂಡು ಹಾರಿಸಬೇಕು. ಬೇಗ ಹಾರಿಸಬೇಕಾದರೆ ಮದ್ದು ಕೈಗೆಟುಕುವಲ್ಲಿರಬೇಕು. ಚೀಲಗಳನ್ನು ಮೊದಲೇ ಹೊರತೆಗೆದು ರಾಶಿ ಹಾಕಿದರು, ಮದ್ದಿನ ಮನೆಯ ಬಾಗಿಲು ತೆರೆದಿಟ್ಟರು. ಜಟ್ಲೆಂಡ್‌ಗೆ ಬಂದಾಗ ಸ್ಥಿತಿ ಹೀಗಿತ್ತು. ಆ ಹುಡುಗರನ್ನು ಕೊಂದದ್ದರಲ್ಲಿ ಕ್ರುಪ್‌ನ ತೋಪಿನಷ್ಟೇ ಪಾಲು ಆ ತೆರೆದ ಬಾಗಿಲುಗಳದ್ದೂ ಇದೆ ಎಂದು ನಾನು ನಂಬಿದ್ದೇನೆ.

ಅದಕ್ಕೆ ಸಾಕ್ಷಿ ಜಟ್ಲೆಂಡ್‌ನಲ್ಲಿ ಅದೇ ದಿನ ಇದ್ದ ಬ್ರಿಟಿಷ್ ಹಡಗು ಲಯನ್. ಜರ್ಮನ್ ಹಡಗು ಲುಟ್ಸೊದ ಗುಂಡು ಲಯನ್‌ನ ನಡುಗೋಪುರದ ಛಾವಣಿಯನ್ನೇ ಕಿತ್ತೊಗೆಯಿತು. ಗೋಪುರದ ಅಧಿಕಾರಿ ಮೇಜರ್ ಫ್ರಾನ್ಸಿಸ್ ಹಾರ್ವಿ ಸಾಯುವ ಮುನ್ನ ಮದ್ದಿನ ಮನೆಯ ಬಾಗಿಲು ಮುಚ್ಚಿ ನೀರು ತುಂಬಿಸಿ ಎಂದು ಆಜ್ಞೆ ಕೊಟ್ಟ. ಸ್ವಲ್ಪ ಹೊತ್ತಿಗೆ ಮೇಲೆ ಉಳಿದಿದ್ದ ಚೀಲಗಳು ಭುಗಿಲೆದ್ದವು. ಕೆಳಗಿನ ಬಾಗಿಲು ಆಗಲೇ ಮುಚ್ಚಿತ್ತು. ಮದ್ದು ಅದೇ ಕಾರ್ಡೈಟ್, ಚೀಲ ಅದೇ ರೇಷ್ಮೆಯದು, ಹಡಗು ಮಾತ್ರ ಉಳಿಯಿತು. ಹಾರ್ವಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು.

ಹಿತ್ತಾಳೆ ಇದ್ದರೆ ಸಾವೇ ಇಲ್ಲ ಎಂದು ತಿಳಿಯಬೇಡಿ. ಅದೇ ರಾತ್ರಿಯ ಕಡೆಯಲ್ಲಿ ಪೊಮರ್ನ್ ಎಂಬ ಹಳೆಯ ಜರ್ಮನ್ ಹಡಗಿಗೆ ಬ್ರಿಟಿಷ್ ಟಾರ್ಪಿಡೊ ಬಡಿದು, ಒಳಗಿನ ಮದ್ದು ಸಿಡಿದು, ಹಡಗಿನಲ್ಲಿದ್ದವರಲ್ಲಿ ಒಬ್ಬನೂ ಉಳಿಯಲಿಲ್ಲ. ಜರ್ಮನ್ ಹಡಗುಗಳು ಬಚಾವಾಗಲು ಬ್ರಿಟಿಷ್ ಗುಂಡುಗಳ ದೋಷವೂ ನೆರವಾಯಿತು. ಕವಚಕ್ಕೆ ಓರೆಯಾಗಿ ಬಡಿದಾಗ ಅವು ಒಳಹೊಕ್ಕು ಸಿಡಿಯುವ ಬದಲು ಹೊರಗೇ ಒಡೆದು ಚೂರಾಗುತ್ತಿದ್ದವು. ಸರಿಯಾದ ಗುಂಡುಗಳು ಬ್ರಿಟಿಷ್ ಹಡಗುಗಳಿಗೆ ಸಿಕ್ಕಿದ್ದು 1918ರಲ್ಲಿ.

ಇನ್ನು ಜರ್ಮನ್ನರು ಚಿಕ್ಕ ತೋಪನ್ನೇ ಆರಿಸಿಕೊಂಡದ್ದೇಕೆ? ಹಡಗಿನ ತೂಕ ಎಂಬುದು ಮನೆಯ ಖರ್ಚಿನ ಹಾಗೆ, ಒಂದು ಕಡೆ ಹೆಚ್ಚಿದರೆ ಇನ್ನೊಂದು ಕಡೆ ಕಡಿಮೆಯಾಗಲೇಬೇಕು. ತೋಪಿನಲ್ಲಿ ಉಳಿಸಿದ ತೂಕವನ್ನು ಅವರು ಕವಚಕ್ಕೆ ಹಾಕಿದರು. ಉತ್ತರ ಸಮುದ್ರದ ಮಂಜಿನಲ್ಲಿ ತೀರ ದೂರದ ಕಾಳಗ ನಡೆಯಲಾರದು ಎಂಬ ಎಣಿಕೆಯೂ ಇತ್ತು. ಮಧ್ಯಮ ದೂರಕ್ಕೆ ಹಗುರ ಗುಂಡನ್ನು ಹೆಚ್ಚು ವೇಗದಲ್ಲಿ ಹೊಡೆದರೆ ಅದು ನೇರವಾಗಿ ಸಾಗಿ ಕವಚ ಸೀಳುತ್ತದೆ. ಅವರ 28 ಸೆಂ.ಮೀ. ತೋಪಿನ 302 ಕೆ.ಜಿ. ಗುಂಡು ಸೆಕೆಂಡಿಗೆ 850 ಮೀಟರಿಗೂ ಮಿಕ್ಕಿದ ವೇಗದಲ್ಲಿ ಹೊರಡುತ್ತಿತ್ತು. ದೂರ ಹೆಚ್ಚಿದಷ್ಟೂ ಹಗುರ ಗುಂಡಿನ ವೇಗ ಬೇಗ ಕುಂದುತ್ತದೆ, ಭಾರದ ಗುಂಡಿನದು ನಿಧಾನವಾಗಿ. ಇದು ಅರಿವಾಗದೆ ಇರಲಿಲ್ಲ. 1916ರಲ್ಲಿ ಸೇವೆಗೆ ಬಂದ ಬಯರ್ನ್ ಹಡಗಿಗೆ ಅವರೂ 38 ಸೆಂ.ಮೀ. ತೋಪುಗಳನ್ನೇ ಏರಿಸಿದರು. ಜಟ್ಲೆಂಡ್ ಕದನಕ್ಕೆ ಮಾತ್ರ ಅದು ಒದಗಲಿಲ್ಲ.

ಹಾಗಾದರೆ ತೋಪಿನ ಗಾತ್ರ ಲೆಕ್ಕಕ್ಕೇ ಇಲ್ಲವೇ ಎಂದು ನೀವು ಕೇಳಬಹುದು. ಲೆಕ್ಕಕ್ಕಿದೆ. ಅದನ್ನು ತೋರಿಸುವ ಹಡಗು ನಮ್ಮ ಪಕ್ಕದಲ್ಲೇ ಹಾದುಹೋಗಿತ್ತು. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಕಡಲಲ್ಲಿ ಬಂದು ನಿಂತು, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿಯಿಟ್ಟು ಹೋದ ಜರ್ಮನ್ ಹಡಗು ಎಮ್ಡೆನ್ ಅದು. ಮಂಗಳೂರು, ಬಳ್ಳಾರಿಗಳೆಲ್ಲ ಆಗ ಸೇರಿದ್ದು ಅದೇ ಮದರಾಸು ಪ್ರಾಂತ್ಯಕ್ಕೆ. ರಾಜಧಾನಿಯ ಮೇಲೇ ಗುಂಡು ಬಿದ್ದಿತ್ತು. ಆ ದಾಳಿಯ ನೆನಪಿನ ಫಲಕ ಮದರಾಸು ಹೈಕೋರ್ಟಿನ ಆವರಣ ಗೋಡೆಯಲ್ಲಿದೆ. ಅಷ್ಟೆಲ್ಲ ಗದ್ದಲವೆಬ್ಬಿಸಿದ ಎಮ್ಡೆನ್‌ನಲ್ಲಿದ್ದದ್ದು ಬರೀ 10.5 ಸೆಂ.ಮೀ.ನ ಹತ್ತು ತೋಪುಗಳು. ದಡದ ಎಣ್ಣೆ ಟ್ಯಾಂಕಿಗೆ ಅಷ್ಟು ಧಾರಾಳ ಸಾಕು.

ನವೆಂಬರ್ 9ರಂದು ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳ ಬಳಿ ಅದಕ್ಕೆ ಎದುರಾದದ್ದು ಆಸ್ಟ್ರೇಲಿಯಾದ ಸಿಡ್ನಿ, 15.2 ಸೆಂ.ಮೀ. ತೋಪುಗಳ ಹಡಗು. ಮೊದಲು ಹೊಡೆದದ್ದು ಎಮ್ಡೆನ್. ಸಿಡ್ನಿಯವರು ಎಣಿಸಿರದಷ್ಟು ದೂರದಿಂದ ಅದರ ಗುಂಡುಗಳು ಬಂದು ದೂರಮಾಪಕವನ್ನೇ ಕೆಡಿಸಿದವು. ಆದರೆ ಎಮ್ಡೆನ್‌ನ ಗುಂಡು 17 ಕೆ.ಜಿ. ತೂಗಿದರೆ ಸಿಡ್ನಿಯದು 45. ಹೆಚ್ಚು ವೇಗದ ಸಿಡ್ನಿ ದೂರ ಸರಿದು, ಎಟುಕದಂತೆ ನಿಂತು ಹೊಡೆಯತೊಡಗಿತು. ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯೂಲರ್ ಹಡಗು ಮುಳುಗದಿರಲೆಂದು ಅದನ್ನು ನಾರ್ತ್ ಕೀಲಿಂಗ್ ದ್ವೀಪದ ಹವಳದ ಬಂಡೆಗೇರಿಸಿದ. ಆ ಕಾಳಗದಲ್ಲಿ ಅವನ ನೂರಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು, ಸಿಡ್ನಿಯಲ್ಲಿ ಸತ್ತವರು ನಾಲ್ವರು. ಎಮ್ಡೆನ್‌ನ ಆ ಹತ್ತು ತೋಪುಗಳಲ್ಲೊಂದು ಈಗ ಸಿಡ್ನಿ ನಗರದ ಹೈಡ್ ಪಾರ್ಕ್‌ನ ಮೂಲೆಯಲ್ಲಿದೆ.