ಜೀಬ್ರಾ ಫಿಂಚ್, ರೇಷ್ಮೆ ಪತಂಗ: ಮಗಳ ಜೆಡ್ ಅಪ್ಪನದು

ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಹಾಡುಹಕ್ಕಿ. ಅದರ ದೇಹಕೋಶದಲ್ಲಿ 80 ವರ್ಣತಂತುಗಳು (ಜೀನುಗಳನ್ನು ಹೊತ್ತ ಎಳೆಗಳು, ಕ್ರೋಮೋಸೋಮ್). ರೇಷ್ಮೆ ಪತಂಗದಲ್ಲಿ 56. ಲಿಂಗ ನಿರ್ಧರಿಸುವ ವರ್ಣತಂತುಗಳಿಗೆ ಇಲ್ಲಿ ಜೆಡ್, ಡಬ್ಲ್ಯೂ ಎಂದು ಹೆಸರು: ಎರಡರಲ್ಲೂ ಗಂಡು ಜೆಡ್-ಜೆಡ್, ಹೆಣ್ಣು ಜೆಡ್-ಡಬ್ಲ್ಯೂ. ಮನುಷ್ಯರ ಲೆಕ್ಕಕ್ಕೆ ಇದು ತಿರುಗುಮುರುಗು: ಹೆಣ್ಣೋ ಗಂಡೋ ಎಂಬುದನ್ನು ತಾಯಿಯ ಅಂಡವೇ ನಿರ್ಧರಿಸುತ್ತದೆ.

ಎಡವುವುದು ಜೆಡ್ ಮೇಲೆ ಕೂತ ಗುಣದ ಲೆಕ್ಕದಲ್ಲಿ. ನಿಧಾನವಾಗಿ ಬಿಡಿಸೋಣ. ಫಿಂಚ್‌ನಲ್ಲಿ ಫಾನ್ ಎಂಬ ತಿಳಿಕಂದು ಬಣ್ಣ ಜೆಡ್ ಮೇಲಿನ ದುರ್ಬಲ ಗುಣ, ಅಂದರೆ ಪಕ್ಕದ ಜೆಡ್‌ನಲ್ಲಿ ಮಾಮೂಲಿ ಬೂದು ಇದ್ದರೆ ಅದು ಕಾಣುವುದಿಲ್ಲ. ಫಾನ್ ಗಂಡಿಗೆ ಬೂದು ಹೆಣ್ಣನ್ನು ಜೋಡಿ ಮಾಡಿದೆವು ಎನ್ನಿ. ಗಂಡಿನ ವೀರ್ಯಾಣು ಒಂದೇ ಬಗೆ: ಫಾನ್ ಜೆಡ್. ಹೆಣ್ಣಿನ ಅಂಡ ಎರಡು ಬಗೆ: ಬೂದು ಜೆಡ್, ಇಲ್ಲವೇ ಡಬ್ಲ್ಯೂ. ತಾಯಿ ಬೂದು ಎಂದು ಡಬ್ಲ್ಯೂ ಪಕ್ಕದಲ್ಲೂ "ಬೂದು" ಬರೆದಿರೋ, ಲೆಕ್ಕ ಅಲ್ಲೇ ಕೆಟ್ಟಿತು. ಡಬ್ಲ್ಯೂ ಮೇಲೆ ಈ ಬಣ್ಣದ ಜೀನೇ ಇಲ್ಲ, ಆ ಜಾಗ ಖಾಲಿ ಬಿಡಬೇಕು. ಮಗಳಿಗೆ ಅಮ್ಮನಿಂದ ಬರುವುದು ಡಬ್ಲ್ಯೂ ಮಾತ್ರ. ಅವಳ ಒಂದೇ ಒಂದು ಜೆಡ್ ಅಪ್ಪನದು. ಹಾಗಾಗಿ ಹೆಣ್ಣುಮರಿಗಳೆಲ್ಲ ಫಾನ್. ಗಂಡುಮರಿಗಳೆಲ್ಲ ನೋಡಲು ಬೂದು, ಒಳಗೆ ಫಾನ್ ವಾಹಕಗಳು (ಕಾಣದಿದ್ದರೂ ಜೀನನ್ನು ಹೊತ್ತವು). ಹೆಣ್ಣು ವಾಹಕ ಇರಲು ಸಾಧ್ಯವೇ ಇಲ್ಲ, ಇದ್ದರೆ ಬಣ್ಣ ಕಂಡೇ ಕಾಣುತ್ತದೆ. ಶುದ್ಧ ಬೂದು ಗಂಡು, ಫಾನ್ ಹೆಣ್ಣು ಎಂದು ಅದಲುಬದಲು ಮಾಡಿದರೆ ಮರಿಗಳೆಲ್ಲ ಬೂದು.

ರೇಷ್ಮೆಯಲ್ಲೂ ಇದೇ ಲೆಕ್ಕ. ಹುಳುವಿನ ಚರ್ಮ ಪಾರದರ್ಶಕವಾಗುವ ಒಂದು ದುರ್ಬಲ ಗುಣ ಜೆಡ್ ಮೇಲಿದೆ. ಆ ಗಂಡಿಗೆ ಮಾಮೂಲಿ ಹೆಣ್ಣನ್ನು ಕೂಡಿಸಿದರೆ, ಪಾರದರ್ಶಕ ಹುಳುಗಳೆಲ್ಲ ಹೆಣ್ಣು. ನಮ್ಮ ಬಿತ್ತನೆ ಕೋಠಿಗಳಲ್ಲಿ (ರೇಷ್ಮೆ ಮೊಟ್ಟೆ ತಯಾರಿಸುವ ಕಡೆ) ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗಂಡನ್ನು ಕೂಡಿಸುವ ಮುನ್ನ ಲಿಂಗ ಬೇರ್ಪಡಿಸಲೇಬೇಕು. ಆ ಶ್ರಮ ಕಂಡವರಿಗೆ ಇಂಥ ಗುರುತಿನ ಬೆಲೆ ಗೊತ್ತು.

ಅಕ್ಷರ ಒಂದೇ ಆದರೂ ಯಂತ್ರ ಬೇರೆ. ಪತಂಗದಲ್ಲಿ ಡಬ್ಲ್ಯೂ ಒಂದಿದ್ದರೆ ಸಾಕು, ಹೆಣ್ಣು: ಡಬ್ಲ್ಯೂನಿಂದ ಹೊರಡುವ ಪುಟ್ಟ ಆರ್‌ಎನ್‌ಎ, ಜೆಡ್ ಮೇಲಿನ ಗಂಡುತನದ ಜೀನನ್ನು ಅದುಮುತ್ತದೆ (2014ರಲ್ಲಿ ತಿಳಿದದ್ದು). ಹಕ್ಕಿಗಳಲ್ಲಿ ಜೆಡ್‌ಗಳ ಸಂಖ್ಯೆ ಮುಖ್ಯ. ಜೆಡ್-ಜೆಡ್-ಡಬ್ಲ್ಯೂ ಇರುವ ರೇಷ್ಮೆ ಪತಂಗ ಹೆಣ್ಣೇ. ಅದೇ ಕೋಳಿಯಲ್ಲಾದರೆ ಅತ್ತ ಹೆಣ್ಣೂ ಅಲ್ಲ, ಇತ್ತ ಗಂಡೂ ಅಲ್ಲ.

ಇನ್ನೊಂದು: ಹೆಣ್ಣು ರೇಷ್ಮೆ ಪತಂಗದ ಯಾವ ವರ್ಣತಂತು ಜೋಡಿಯಲ್ಲೂ ತುಣುಕುಗಳ ಅದಲುಬದಲು ನಡೆಯುವುದಿಲ್ಲ. ಒಂದೇ ವರ್ಣತಂತುವಿನ ಎರಡು ಜೀನುಗಳ ನಡುವಿನ ದೂರ ಅಳೆಯುವುದು ಈ ಅದಲುಬದಲು ಎಷ್ಟು ಸಲ ಆಯಿತು ಎಂಬುದರಿಂದ; ಅದಕ್ಕೆ ಮಿಶ್ರ (ಪ್ರತಿ ಜೀನಿನ ಎರಡು ರೂಪ ಹೊತ್ತ) ಹೆಣ್ಣನ್ನು ಬಳಸಿದರೆ ಉತ್ತರ ಸೊನ್ನೆ. ಮಿಶ್ರ ಗಂಡನ್ನೇ ಬಳಸಬೇಕು. ಫಿಂಚ್‌ನಲ್ಲಿ ಈ ತೊಡಕಿಲ್ಲ, ಹೆಣ್ಣಿನ ಜೆಡ್-ಡಬ್ಲ್ಯೂ ಜೋಡಿಯೊಂದನ್ನು ಬಿಟ್ಟು.