ಮುಸೊನೊಯಿಯ ಹಸಿರು ಹರಳು: ಒಂದು ಅಪರೂಪದ ಸೆಲೆನಿಯಂ ಖನಿಜದ ಹಿನ್ನೆಲೆ

ಡೆಮೆಸ್ಮೇಕರೈಟ್ ಎಂಬ ಖನಿಜದಲ್ಲಿ ಸೀಸ, ತಾಮ್ರ, ಯುರೇನಿಯಂ, ಸೆಲೆನಿಯಂ ನಾಲ್ಕೂ ಇವೆ. ಕಾಂಗೋದ ಕೊಲ್ವೇಜಿ ಬಳಿಯ ಮುಸೊನೊಯಿ ತಾಮ್ರದ ಗಣಿಯಲ್ಲಿ ಇವೆಲ್ಲ ಒಂದೆಡೆ ಸೇರಿದ್ದು ಹೇಗೆ ಎಂಬುದು ಸುಲಭಕ್ಕೆ ಬಗೆಹರಿಯುವ ಗಂಟಲ್ಲ.

1817ರಲ್ಲಿ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಸ್ವೀಡನ್ನಿನ ಗಂಧಕಾಮ್ಲ ಕಾರ್ಖಾನೆಯೊಂದರ ಕೆಸರಿನಲ್ಲಿ ಸೆಲೆನಿಯಂ ಎಂಬ ಮೂಲವಸ್ತುವನ್ನು ಕಂಡುಹಿಡಿದರು. 1881ರಲ್ಲಿ ಅರ್ಜೆಂಟೀನಾದ ಕಚೇವುಟಾದಿಂದ ತಾಮ್ರದ ಸೆಲೆನೈಟ್ (ಸೆಲೆನಿಯಂ ಆಮ್ಲಜನಕದೊಡನೆ ಕೂಡಿದ ಲವಣ) ಆದ ಚಾಲ್ಕೊಮೆನೈಟ್ ವರದಿಯಾಯಿತು. ಮುಸೊನೊಯಿಯ ಸರದಿ ಬಂದದ್ದು 1965ರಲ್ಲಿ, ಡೆಮೆಸ್ಮೇಕರೈಟ್ ವರದಿಯಾದಾಗ.

ಗಣಿಯ ಆಳದ ಡಾಲೊಮೈಟ್ ಮತ್ತು ಜೇಡುಶಿಲೆಗಳು 50 ಕೋಟಿ ವರ್ಷಕ್ಕೂ ಹಳೆಯವು. ಅಲ್ಲಿ ತಾಮ್ರದ ಸಲ್ಫೈಡುಗಳ (ತಾಮ್ರ ಗಂಧಕದೊಡನೆ ಕೂಡಿದ ಖನಿಜಗಳ) ಒಳಗೆ ಗಂಧಕದ ಜಾಗದಲ್ಲಿ ಸೆಲೆನಿಯಂ ಅಲ್ಲಲ್ಲಿ ಕುಳಿತಿರುತ್ತದೆ; ಎರಡೂ ಅಣ್ಣತಮ್ಮಂದಿರಿದ್ದಂತೆ. ಪಕ್ಕದಲ್ಲೇ ಯುರೇನಿಯಂ ಅದಿರಾದ ಯುರೇನಿನೈಟ್. ಮಳೆನೀರು, ಗಾಳಿ ಕೆಳಗಿಳಿದಾಗ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ. ಗಂಧಕ ಬೇಗ ಸಲ್ಫೇಟಾಗಿ ನೀರಿನೊಡನೆ ಹರಿದುಹೋಗುತ್ತದೆ. ಸೆಲೆನಿಯಂ ಅಷ್ಟು ಸುಲಭಕ್ಕೆ ಉತ್ಕರ್ಷಣಗೊಳ್ಳದು. ಇನ್ನಷ್ಟು ಆಮ್ಲಜನಕ ಸಿಕ್ಕರೆ ಮಾತ್ರ ಸೆಲೆನೈಟ್ ಆಗುತ್ತದೆ. ಅದಕ್ಕೂ ಮುಂದೆ ಹೋದರೆ ಸೆಲೆನೇಟಾಗಿ ಕರಗಿ ಕೈತಪ್ಪುತ್ತದೆ. ಸುತ್ತ ಕಬ್ಬಿಣದ ತುಕ್ಕು ಹೆಚ್ಚಿದ್ದರೆ ಸೆಲೆನೈಟ್ ಅದರ ಮೈಗಂಟಿ ಮರೆಯಾಗುತ್ತದೆ. ಈ ಎರಡೂ ಆಗದೆ, ಅದೇ ಹೊತ್ತಿಗೆ ಸೀಸ, ತಾಮ್ರ, ಯುರೇನಿಯಂ ಕೂಡಿಬಂದರಷ್ಟೇ ಡೆಮೆಸ್ಮೇಕರೈಟ್‌ನ ಬಾಟಲಿ-ಹಸಿರಿನ ಚಪ್ಪಟೆ ಹರಳು ಹುಟ್ಟುತ್ತದೆ. ಅಪರೂಪವಾಗದೆ ಇನ್ನೇನು?

1965ರಲ್ಲೇ ಬೇರಿಯಂ ಇರುವ ಹಳದಿ ಗಿಲೆಮಿನೈಟ್, 1969ರಲ್ಲಿ ಮಾರ್ತೋಜೈಟ್, 1971ರಲ್ಲಿ ಡೆರಿಕ್ಸೈಟ್ ಇದೇ ಗಣಿಯಿಂದ ಹೊರಬಂದವು. ನಾಲ್ಕೂ ಯುರೇನಿಯಂ ಸೆಲೆನೈಟ್‌ಗಳೇ. ಕಾಂಗೋ 1960ರಲ್ಲಿ ಬೆಲ್ಜಿಯಂನಿಂದ ಸ್ವತಂತ್ರವಾಗಿತ್ತು, 1967ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡವು. ಆದರೂ 1969ರ ಖನಿಜಕ್ಕೆ ಹಳೆಯ ಬೆಲ್ಜಿಯನ್ ಗಣಿ ಕಂಪನಿ ಯೂನಿಯನ್ ಮಿನಿಯೇರ್‌ನ ಮಾಜಿ ಮಹಾನಿರ್ದೇಶಕ ಮಾರ್ತೋ ಅವರ ಹೆಸರೇ ಬಂತು. ಡೆಮೆಸ್ಮೇಕರ್ ಮತ್ತು ಡೆರಿಕ್ಸ್ ಕೂಡ ಅದೇ ಕಂಪನಿಯ ಭೂವಿಜ್ಞಾನಿಗಳು. ನಾಮಕರಣದ ನಿಯಮದಲ್ಲಿ ಇದಕ್ಕೇನೂ ಅಡ್ಡಿಯಿರಲಿಲ್ಲ. ಹರಳಿರುವ ಕಲ್ಲನ್ನು ಒಡೆದು ಮೇಲೆ ತಂದ ಕಾಂಗೋದ ಕಾರ್ಮಿಕರಲ್ಲಿ ಒಬ್ಬರ ಹೆಸರೂ ಈ ನಾಲ್ಕರಲ್ಲಿಲ್ಲ.

ಕೊಲ್ವೇಜಿ ಇಂದು ಬ್ಯಾಟರಿಯ ಕೋಬಾಲ್ಟ್‌ಗೆ ಹೆಸರುವಾಸಿ. ತೆರೆದ ಗಣಿಯಲ್ಲಿ ಯಂತ್ರಗಳು ಮೊದಲು ಬಾಯಿ ಹಾಕುವುದು ನೆಲಕ್ಕೆ ಹತ್ತಿರದ ಉತ್ಕರ್ಷಿತ ಪದರಕ್ಕೆ. ಇಂಥ ಸೆಲೆನೈಟ್‌ಗಳು ಹುಟ್ಟುವುದೂ ಅದೇ ಪದರದಲ್ಲಿ. ಪುಡಿಯಂತ್ರಕ್ಕೆ ಹೋಗುವ ಅದಿರಿನಲ್ಲಿ ಹಸಿರು ಹರಳನ್ನು ಹುಡುಕಿ ಬೇರೆ ಇಡುವುದು ಯಾರ ಕೆಲಸದ ಪಟ್ಟಿಯಲ್ಲೂ ಇರುವುದಿಲ್ಲ.